ನಾಲ್ಕನೇ ಮೂಲೆ

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಆರಕ್ಕೆ ಗೇಟ್ ತೆಗೆದೆ. ಹತ್ತಕ್ಕೆ ಮುಚ್ಚಿದೆ. ಒಳಗೆ ಹೋದವರು ಇಪ್ಪತ್ತೆರಡು ಜನ, ಹೊರಗೆ ಬಂದವರೂ ಇಪ್ಪತ್ತೆರಡು.

ವಾಕಿಂಗ್‌ಗೆ ಬರುವ ಅಫಜಲಪುರದ ಮಾಸ್ತರರು ಇವತ್ತೂ ಗೊಣಗಿದರು. "ಗಿಡದಾಗ ಅಡ್ಡಾಡಾಕ ಸಹಿ ಯಾಕ್ರಿ ಮೇಡಂ? ನಾವೇನು ಬ್ಯಾಂಕಿಗೆ ಬಂದೇವೇನು?" ನಗು ಬಂತು. ನಗಲಿಲ್ಲ. ನಕ್ಕರೆ ನಾಳೆಯಿಂದ ಯಾರೂ ಸಹಿ ಮಾಡುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಗೊತ್ತಿಲ್ಲದೆ ಮರ ಕಡಿಸುವುದು ಹೇಗೆ? ಇದು ಪಾರ್ಕ್ ಅಲ್ಲ. ಕಾಗದದ ಕಂಪನಿ ಬೆಳೆಸಿದ ನೀಲಗಿರಿ ತೋಪು. ಒಂದು ಕಡೆ ಕಡಿಯುತ್ತಾರೆ, ಇನ್ನೊಂದು ಕಡೆ ಜನ ಸೆಲ್ಫಿ ತೆಗೆಯುತ್ತಾರೆ, ನಡುವೆ ಸೇಫ್ಟಿ ನೋಡಿಕೊಳ್ಳುವ ನಾನು.

ಹೆಡ್ ಆಫೀಸಿನಿಂದ ಬಂದ ಇಂಗ್ಲಿಷ್ ನಿಯಮಗಳನ್ನು ಕನ್ನಡದಲ್ಲಿ ಬರೆಸಿ ಬೋರ್ಡ್ ಹಾಕಿಸಿದ್ದೆ. ಹೆಸರು ಬರೆಸದೆ ಒಳಗೆ ಬರಬಾರದು. ಬೆಂಕಿ ಹಚ್ಚಬಾರದು. ಕಡಿಯುವ ಜಾಗದಿಂದ ಎರಡು ಮರದ ಎತ್ತರದಷ್ಟು ದೂರ ಇರಬೇಕು. ಬೋರ್ಡಿನ ಮೊಳೆಗೆ ಯಾರೋ ಟಿಫಿನ್ ಚೀಲ ನೇತುಹಾಕಿದ್ದಾರೆ. ಎರಡನೇ ನಿಯಮ ಕಾಣುತ್ತಿಲ್ಲ.

ಡಿಸೆಂಬರ್ 20, ಶುಕ್ರವಾರ

ಮ್ಯಾನೇಜರ್ ಮಹೇಶಕುಮಾರ ಮೀಟಿಂಗ್ ಕರೆದಿದ್ದರು. ಮೂವತ್ತಕ್ಕೆ ಎಳ್ಳ ಅಮಾವಾಸ್ಯೆ. ಅವತ್ತು ಇಡೀ ಊರು ಹೊಲಕ್ಕೆ ಹೋಗಿ ಊಟ ಮಾಡುತ್ತದೆ. ಹೊಲ ಇಲ್ಲದವರಿಗೆ ತೋಪು ತೆರೆದಿಡೋಣ, ಕಂಪನಿಗೆ ಒಳ್ಳೆಯ ಹೆಸರು ಬರುತ್ತದೆ ಎಂದರು. ಮೂರನೇ ಬ್ಲಾಕಿನಲ್ಲಿ ಕಡಿತ ನಡೆದಿದೆಯಲ್ಲ ಸರ್ ಎಂದೆ.

"ಟೇಪ್ ಕಟ್ರಿ. ಅದಕ್ಕೇ ಅಲ್ಲೇನು ನೀವು ಇರೋದು?"

ಟೇಪ್ ಕಟ್ಟಿದರೆ ನಿಲ್ಲುವ ಜನವೇ ನಮ್ಮವರು? ಅಂಗಡಿ ಮುಂದಿನ ತೋರಣ ಎಂದುಕೊಂಡು ದಾಟುತ್ತಾರೆ.

ಡಿಸೆಂಬರ್ 24, ಮಂಗಳವಾರ

ಚಂದ್ರಾಮಪ್ಪನವರು ಬಂದಿದ್ದರು. ಜೊತೆಗೆ ಹೆಂಡತಿ ಗುರುಶಾಂತಮ್ಮ. ಮೂರನೇ ಬ್ಲಾಕಿನ ನಾಲ್ಕು ಎಕರೆ ಅವರದು, ಕಂಪನಿಗೆ ಲೀಸ್ ಕೊಟ್ಟಿದ್ದಾರೆ. ಭೂಮಿ ಕೊಟ್ಟರೂ ಚರಗ ಬಿಟ್ಟಿಲ್ಲ. ಪ್ರತಿ ಎಳ್ಳ ಅಮಾವಾಸ್ಯೆಗೆ ಭಜ್ಜಿ, ಕಡಬು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತಾ ಬರಬೇಕು. ಒಂದು ಮೂಲೆ ಬಿಟ್ಟರೂ ಭೂಮಿತಾಯಿ ಉಪವಾಸ ಇದ್ದಂತೆ.

ಮೂರು ಮೂಲೆಗೆ ಅಡ್ಡಿಯಿಲ್ಲ, ಆ ಕಡೆ ಕಡಿದು ಬಯಲಾಗಿದೆ. ನಾಲ್ಕನೆಯದಕ್ಕೆ ಆಗುವುದಿಲ್ಲ ಎಂದೆ. ಅಲ್ಲಿ ಕಡಿತ ನಡೆದಿದೆ.

"ಮೂರಕ್ಕೆ ಉಣಿಸಿ ಒಂದಕ್ಕ ಬಿಡಾಕ ಬರ್ತದೇನವ್ವಾ?" ಎಂದರು. ಸಿಟ್ಟಿಲ್ಲದೆ ಕೇಳಿದ್ದಕ್ಕೇ ನನಗೆ ಸೋಲಾಯಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಆ ಮೂಲಿಗೆ ನಾ ಹಾಕ್ತೇನಿ ಬಿಡ್ರಿ. ನನ್ನ ಕಡೆ ಹೆಲ್ಮೆಟ್ ಅದ."

ಅವರು ಹೆಂಡತಿಯ ಮುಖ ನೋಡಿದರು. ಗುರುಶಾಂತಮ್ಮ ನೆಲ ನೋಡಿದರು. "ನೋಡೂಣವ್ವ" ಎಂದು ಎದ್ದು ಹೋದರು.

ನೋಡೋಣವಂತೆ! ಏನು ನೋಡುವುದು? ನನ್ನ ಅವ್ವ ಅಂಬುಬಾಯಿ ಹತ್ತು ವರ್ಷ ಅದೇ ಹೊಲದಲ್ಲಿ ಕಳೆ ತೆಗೆದಳು. ಆಗ ಅವಳ ಕೈ ಬೇಕಿತ್ತು. ಅವಳ ಮಗಳ ಕೈಯಿಂದ ಚರಗ ಬೇಡ. ನಿಯಮ ಮುರಿದು ಸಹಾಯ ಮಾಡಲು ಹೋದೆನಲ್ಲ, ನನಗೇ ಬುದ್ಧಿಯಿಲ್ಲ.

ಡಿಸೆಂಬರ್ 28, ಶನಿವಾರ. ಸಂಜೆ

ಆಗಬಾರದ್ದು ಆಗಿದೆ. ಕಡಿದ ಮರ ನೆಲಕ್ಕೆ ಬೀಳಲಿಲ್ಲ. ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡು ಓರೆಯಾಗಿ ನಿಂತಿದೆ. ಸರಿಯಾಗಿ ನಾಲ್ಕನೇ ಮೂಲೆಯ ಗಡಿಕಲ್ಲಿನ ಮೇಲೆ. ಇಂಥ ಮರವನ್ನು ಹಾಗೇ ಬಿಟ್ಟು ಹೋಗಬಾರದು. ಯಾವಾಗ ಜಾರುತ್ತದೋ ಹೇಳಲು ಬರುವುದಿಲ್ಲ. ಗಾಳಿ ಸಾಕು.

ಕಡಿಯುವ ಗ್ಯಾಂಗಿನ ಮುಜೀಬ ಕೈ ಚೆಲ್ಲಿದ. "ಎಳೀಲಾಕ ಟ್ರ್ಯಾಕ್ಟರ್ ಬೇಕ್ರಿ ಮೇಡಂ. ಎಲ್ಲಾ ಟ್ರ್ಯಾಕ್ಟರ್ ಕಬ್ಬಿಗೆ ಹ್ವಾಗ್ಯಾವ. ಅಮಾಸಿ ಮುಗೀಲಿ, ಮಂಗಳವಾರ ತರ್ತೇನಿ."

ಆರು ಟ್ರ್ಯಾಕ್ಟರಿನವರಿಗೆ ನಾನೇ ಫೋನ್ ಮಾಡಿದೆ. ಎಲ್ಲರೂ ಸಕ್ಕರೆ ಫ್ಯಾಕ್ಟರಿ ಮುಂದೆ ಸಾಲಿನಲ್ಲಿದ್ದಾರೆ. ಜಾತ್ರೆ ಬಸ್ಸಿನ ಸಾಲಿಗಿಂತ ಉದ್ದವಂತೆ. ಸೋಮವಾರ ಗೇಟ್ ತೆಗೆಯುವುದು ಬೇಡ ಸರ್ ಎಂದು ಮಹೇಶಕುಮಾರರಿಗೆ ಹೇಳಿದೆ. ಬ್ಯಾನರ್ ಪ್ರಿಂಟ್ ಆಗಿದೆ ಎಂದರು.

ಡಿಸೆಂಬರ್ 29, ಭಾನುವಾರ

ಓರೆ ಮರದ ಸುತ್ತ ಎರಡು ಮರದಷ್ಟು ದೂರ ಅಳೆದು ಟೇಪ್ ಕಟ್ಟಿದೆ. ಒಂದು ಸುತ್ತು ಸಾಲದೆಂದು ಮೂರು ಸುತ್ತು. ಕೆಂಪು ಬಟ್ಟೆ ಬೇರೆ. ಮನೆಗೆ ಬಂದಮೇಲೆ ಗಂಟು ಸಡಿಲವಾಗಿರಬಹುದು ಎನಿಸಿತು. ಮತ್ತೆ ಸ್ಕೂಟಿ ಹತ್ತಿ ಹೋಗಿ ನೋಡಿದೆ. ಬಿಗಿಯಾಗಿತ್ತು.

ಬಾಗಿಲಲ್ಲಿ ಚಂದ್ರಾಮಪ್ಪನವರು ಕಾಯುತ್ತಿದ್ದರು. ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಅವ್ವ ಗಾಬರಿಯಲ್ಲಿ ಕುರ್ಚಿಯನ್ನು ಸೆರಗಿನಲ್ಲೇ ಒರೆಸಿದಳು. ಕುಳಿತರು. ನೀರು ಕುಡಿದರು.

"ಅವತ್ತು ಲಗೂನ ಹೂಂ ಅನ್ನಲಿಲ್ಲ. ಬ್ಯಾರೆ ಏನೂ ತಿಳ್ಕೋಬ್ಯಾಡವ್ವ. ಮಂದಿ ಮಗಳನ್ನ ಗಿಡದ ಬುಡಕ್ಕ ಹೆಂಗ ಕಳಸೂದು ಅಂತ ನಮ್ಮಾಕಿಗೆ ಚಿಂತಿ ಹತ್ತಿತು. ನಾಳಿ ಮೂರು ಮೂಲಿ ನಾ ಮುಗಸ್ತೇನಿ. ಬುಟ್ಟಿ ನಿನ್ನ ಕೈಯಾಗ ಕೊಡ್ತೇನಿ. ನಾಕನೇದು ನೀನೇ ಹಾಕು."

ಮಂಗಳವಾರದಿಂದ ಅವರನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆ! ನಾಚಿಕೆಯಾಯಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಅವರು ಹೋದಮೇಲೆ ಅವ್ವ ಶುರುಮಾಡಿದಳು. "ಆ ಗಿಡ ಬಿದ್ದರ?"

"ಬೀಳಂಗಿಲ್ಲ ಬಿಡಬೇ."

"ಬೀಳಂಗಿಲ್ಲ ಅಂದ್ರ ಎರಡ ಸಲ ಯಾಕ ಓಡಿ ಹೋದಿ? ನೀ ಹ್ವಾಗಬ್ಯಾಡ. ನಿನಗ ಆ ಹೊಲದ ಕಲ್ಲು ಮುಳ್ಳು ಏನು ಗೊತ್ತದ?"

ಎದ್ದು ಬಂದುಬಿಟ್ಟೆ. ನಿಜ ಇಲ್ಲಿ ಬರೆಯುತ್ತೇನೆ. ನಾನು ಗಡಿಕಲ್ಲಿನ ತನಕ ಹೋಗುವುದಿಲ್ಲ. ಟೇಪಿನ ಹೊರಗೇ ನಿಂತು ಆ ದಿಕ್ಕಿಗೆ ಚೆಲ್ಲಿ ಕೈ ಮುಗಿದು ಬರುತ್ತೇನೆ. ಯಾರಿಗೂ ಹೇಳಿಲ್ಲ. ಚಂದ್ರಾಮಪ್ಪನವರಿಗೆ ಗೊತ್ತಾದರೆ ತಾವೇ ಒಳಗೆ ನುಗ್ಗುತ್ತಾರೆ. ಅವ್ವನಿಗೆ ಹೇಳಿದರೆ ಅವರಿಗೆ ಹೇಳಿದಂತೆಯೇ. ಅವಳ ಬಾಯಲ್ಲಿ ಏನೂ ನಿಲ್ಲುವುದಿಲ್ಲ.

ಡಿಸೆಂಬರ್ 30, ಸೋಮವಾರ. ಬೆಳಿಗ್ಗೆ 9.30

ಈಗಾಗಲೇ ನಲವತ್ತು ಜನ. ಬುಟ್ಟಿ, ಚಾಪೆ, ಬ್ಲೂಟೂತ್ ಸ್ಪೀಕರ್. ಕೆಲಸದ ಗೇಟಿನ ಪಕ್ಕದ ಸಣ್ಣ ಬಾಗಿಲಿಂದ ಅವ್ವನನ್ನೂ ಕರೆತಂದೆ. ಹೊಸ ಸೀರೆ ಉಟ್ಟಿದ್ದಾಳೆ, ಎಲ್ಲರನ್ನೂ ಮಾತಾಡಿಸುತ್ತಿದ್ದಾಳೆ. ಮೂರಕ್ಕೆ ಅಣ್ಣ ದಿಲೀಪ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ. ಗಾಳಿ ಇಲ್ಲ. ಸದ್ಯ.

ಮಧ್ಯಾಹ್ನ 12.15

ಮೂರನೇ ಬ್ಲಾಕಿಗೆ ಎರಡು ಸಲ ಹೋಗಿ ಬಂದೆ. ಟೇಪ್ ಸರಿಯಾಗಿದೆ. ಗುರುಶಾಂತಮ್ಮ ಕರೆದು ಸಜ್ಜಿ ರೊಟ್ಟಿ, ಭಜ್ಜಿ ಬಡಿಸಿದರು. ನಿಂತೇ ತಿಂದೆ. ಚರಗ ಇನ್ನೇನು ಶುರು. ಅಷ್ಟರಲ್ಲಿ ತೋಪಿನಂಚಿನ ಹೊಳೆ ಕಡೆಯಿಂದ ಹೊಗೆ...

2.50

ಯಾರೋ ಒಣ ಎಲೆಯ ಮೇಲೆ ಚಹಾ ಕಾಯಿಸಲು ಒಲೆ ಹಚ್ಚಿದ್ದರು! ಎಣ್ಣೆ ಇರುವ ಎಲೆ, ಹತ್ತಿದರೆ ನಿಲ್ಲುವುದಿಲ್ಲ. ಕೊಡ ಕೊಡ ನೀರು ಹೊತ್ತು ಆರಿಸಿದೆವು. "ಸ್ವಲ್ಪೇ ಬೆಂಕಿ ಇತ್ರೀ" ಎನ್ನುತ್ತಾರೆ. ಗಡಿಬಿಡಿಯಲ್ಲಿ ಎರಡೂವರೆ ತಾಸು ಹೋಯಿತು.

ವಾಪಸ್ ಬಂದರೆ ಚಂದ್ರಾಮಪ್ಪನವರ ಗಾಡಿ ಇಲ್ಲ. ಮನೆಗೆ ಹೋಗಿದ್ದಾರೆ. ಬುಟ್ಟಿ ನನಗೆ ಕೊಡಲೇ ಇಲ್ಲ.

ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರು. ಬಂಧುಬಳಗದವರು ಬೇಡ ಎಂದಿರಬೇಕು. ನಮ್ಮನೆಯಲ್ಲಿ ನೀರು ಕುಡಿದದ್ದು ಬೇರೆ, ಚರಗ ಬೇರೆ. ಫೋನ್ ಮಾಡಿ ಕೇಳಲೇ? ಇಲ್ಲ. ನಾನೇಕೆ ಕೇಳಲಿ. ಕೇಳಿಸಿಕೊಂಡು ಮತ್ತೆ ಸಣ್ಣವಳಾಗುವುದು ಬೇಡ. ಮೂರನೇ ಬ್ಲಾಕಿನ ಕಡೆ ತಿರುಗಿಯೂ ನೋಡುವುದಿಲ್ಲ ಇವತ್ತು.

4.20

ಎಲ್ಲರನ್ನೂ ಹೊರಗೆ ಕಳಿಸಿದೆ. ಒಳಗೆ ಅರವತ್ತೊಂದು, ಹೊರಗೆ ಅರವತ್ತೊಂದು. ಎರಡು ಸಲ ಎಣಿಸಿದೆ. ಒಬ್ಬರ ಮೈಗೂ ಗೀರಿಲ್ಲ. ಅವ್ವ ಮೂರಕ್ಕೇ ದಿಲೀಪನ ಜೊತೆ ಹೋಗಿರಬೇಕು. ಗೇಟಿಗೆ ಬೀಗ ಹಾಕಿ ಕುಳಿತಿದ್ದೇನೆ. ಗಾಳಿ ಬಿಟ್ಟಿದೆ, ಬೀಸಲಿ. ಹದಿನೈದು ದಿನದ ಮೇಲೆ ಇವತ್ತು ನಿದ್ದೆ ಬರಬಹುದು.

4.45

ಚಂದ್ರಾಮಪ್ಪನವರ ಫೋನ್. "ಚರಗ ಚಂದ ಆತವ್ವ, ನಿನ್ನ ಉಪಕಾರ ಭಾಳ ಆತು. ಬುಟ್ಟಿ ನಾಳಿ ಕೊಟ್ಟು ಕಳಸು."

"ಯಾವ ಬುಟ್ಟಿರಿ?"

"ನಿಮ್ಮವ್ವ ಇಸ್ಕೊಂಡು ಹ್ವಾದಳಲ್ಲ. ಮಗಳು ಅಲ್ಲೇ ನಿಂತಾಳ, ಮಂದಿ ಹ್ವಾದಮ್ಯಾಲ ಹಾಕ್ತಾಳ, ನಾನೇ ಒಯ್ದು ಕೊಡ್ತೇನಿ, ನೀವು ನಡೀರಿ ಅಂದಳು."

ದಿಲೀಪನಿಗೆ ಫೋನ್ ಮಾಡಿದೆ. ಅವನು ಮೂರು ಗಂಟೆಗೆ ಗೇಟಿಗೆ ಬಂದು, ಅವ್ವ ಕಾಣಲಿಲ್ಲವೆಂದು, ನನ್ನ ಜೊತೆ ಬರುತ್ತಾಳೆ ಎಂದುಕೊಂಡು ಹೋಗಿದ್ದಾನೆ.

ರಿಜಿಸ್ಟರ್ ತೆಗೆದು ಒಂದೊಂದು ಸಾಲೂ ಓದಿದೆ. ಅರವತ್ತೊಂದು ಹೆಸರು. ಅಂಬುಬಾಯಿ ಇಲ್ಲ. ಸಣ್ಣ ಬಾಗಿಲಿಂದ ನಾನೇ ಕರೆತಂದೆ. ನಾನೇ ಬರೆಯಲಿಲ್ಲ.

ನಾನು ಹೋಗಬಾರದೆಂದು ಅವಳು ಹೋಗಿದ್ದಾಳೆ. ನಾನು ಟೇಪಿನ ಹೊರಗೇ ನಿಲ್ಲುತ್ತಿದ್ದೆ ಅವ್ವ, ನಿನಗೆ ಒಂದು ಮಾತು ಹೇಳಿದ್ದರೆ

ಮೂರನೇ ಬ್ಲಾಕಿನಿಂದ ಈಗ ಏನೋ ಮುರಿದು ಬಿದ್ದ ಸದ್ದು