ನಿಂಬೆಸಾಲಿನಷ್ಟು ಅಗಲ

ಏಪ್ರಿಲ್ 4, ಶುಕ್ರವಾರ

ಎದ್ದಾಗ ಇನ್ನೂ ಕತ್ತಲೆ. ನಿವೃತ್ತಿಯಾಗಿ ಎರಡು ವರ್ಷವಾದರೂ ಮೈ ಮಾತ್ರ ಫಸ್ಟ್ ಟ್ರಿಪ್ಪಿಗೆ ಏಳುತ್ತದೆ. ರೋಣ–ಹುಬ್ಬಳ್ಳಿ ಬಸ್ಸು ಈಗ ಬೇರೆ ಯಾರದೋ ಕೈಯಲ್ಲಿ. ಚಹಾ ಮಾಡಿದೆ. ಚನ್ನವ್ವ ಆಗಲೇ ಹೊಲಕ್ಕೆ ಹೋಗಿದ್ದಳು.

ವಾರದಿಂದ ಇವತ್ತು ನಾಳೆ ಎನ್ನುತ್ತಿದ್ದ ಗ್ಯಾನಪ್ಪನ ಟ್ರ್ಯಾಕ್ಟರ್ ಕೊನೆಗೂ ಬಂತು. ಬಾಡಿಗೆ ಗಾಡಿ, ದೊಡ್ಡದು. ನಿಂಬೆ ಗಿಡಗಳ ನಡುವೆ ಹಾಯುವುದಿಲ್ಲ ಎಂದು ಚನ್ನವ್ವ ಹೇಳುತ್ತಲೇ ಇದ್ದಳಂತೆ. ಹಾಯಿಸಿದ. ಎರಡು ಗಿಡದ ಟೊಂಗೆ ಮುರಿದವು, ಒಂದರ ಬೊಡ್ಡೆಯೇ ಸೀಳಿತು. ಕೇಳಿದರೆ, “ಗಿಡಾನ ಅಡ್ಡ ಬಂತಲ್ರೀ ಅಣ್ಣಾರ” ಅಂದ!

ಚನ್ನವ್ವ ಸೀಳಿದ ಜಾಗಕ್ಕೆ ಸೆಗಣಿ ಮೆತ್ತಿ ಹಳೆ ಸೀರೆಯ ಚೂರು ಸುತ್ತಿ ಬಂದಳು. ಸಂಜೆ ರೊಟ್ಟಿ ಬಡಿಯುತ್ತ ಅಂದಳು:

“ನಮ್ಮದ ಒಂದ ತಗೊಳ್ಳೂಣ್ರಿ.”

ಎರಡು ವರ್ಷದಿಂದ ಸ್ಟೇರಿಂಗ್ ಮುಟ್ಟಿಲ್ಲ. ಈ ಮಾತಿಗೇ ಕಾದಿದ್ದೆ. ಯಾವುದು ತಗೊಳ್ಳೋಣ ಎಂದು ಕೇಳಿದೆ.

“ಸಣ್ಣದು.”

ಒಂದೇ ಪದ. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದೆ. ಬಸ್ಸು ತುಂಬ ಜನ ಹೊತ್ತು ಓಡಿಸಿದವನು ನಾನು. ಆಟಿಕೆ ಮೇಲೆ ಕೂರುವುದೇ...

ಏಪ್ರಿಲ್ 7, ಸೋಮವಾರ

ಗುರುಪಾದನನ್ನು ಕರೆದುಕೊಂಡು ನರಗುಂದಕ್ಕೆ ಹೋಗಿದ್ದೆ. ಗುರುಪಾದ ನನ್ನ ಬಸ್ಸಿನ ಕಂಡಕ್ಟರ್ ಆಗಿದ್ದವನು. ಈಗ ಅವನೂ ಖಾಲಿ.

ಟ್ರ್ಯಾಕ್ಟರ್ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಹತ್ತಿ ಕೂತೆ. ಕಾಂಪೌಂಡಿನ ಆಚೆಗಿನ ರಸ್ತೆ ಕಾಣುತ್ತಿತ್ತು. ಎದೆ ಉಬ್ಬಿತು. ಗುರುಪಾದ ಹಿಂದೆ ನಿಂತು “ರೈಟ್!” ಎಂದು ಕೂಗಿದ. ಅಂಗಡಿಯ ಹುಡುಗರೆಲ್ಲ ನಕ್ಕರು. ಸೇಲ್ಸ್‌ಮನ್ ಗೌತಮ ಚಂದದ ಫೋಟೊ ತೆಗೆದುಕೊಟ್ಟ. ಚನ್ನವ್ವನಿಗೆ ಕಳಿಸಿದೆ.

ವಾಯ್ಸ್ ಮೆಸೇಜ್ ಬಂತು: “ಚಲೋ ಕಾಣ್ತೀರಿ. ಗಿಡದ ನಡಕ ಹಾಯ್ತೈತೇನು ಅದು?”

ಗುರುಪಾದನಿಗೂ ಕೇಳಿಸಿತು. ಇಳಿದೆ.

ಏಪ್ರಿಲ್ 10, ಗುರುವಾರ

ಇವತ್ತು ಅವಳೂ ಬಂದಳು. ಕೈಯಲ್ಲೊಂದು ಬಿದಿರಿನ ಗಳ. ಎರಡು ನಿಂಬೆ ಸಾಲುಗಳ ನಡುವೆ ಟೊಂಗೆ ಬಿಟ್ಟು ಎಷ್ಟು ಜಾಗ ಉಳಿಯುತ್ತದೋ ಸರಿಯಾಗಿ ಅಷ್ಟಕ್ಕೆ ಕಡಿದದ್ದು. ನಮ್ಮೂರು ಮುಶಿಗೇರಿಯಿಂದ ರೋಣ, ರೋಣದಿಂದ ನರಗುಂದ, ಎರಡೂ ಬಸ್ಸಿನಲ್ಲಿ ಆ ಗಳ ನಮ್ಮಿಬ್ಬರ ನಡುವೆ ನಿಂತೇ ಬಂತು. ಎರಡನೇ ಬಸ್ಸಿನ ಕಂಡಕ್ಟರ್ ಹುಡುಗಿ, “ಅವ್ವಾರ, ಇದಕ್ಕ ಟಿಕೆಟ್ ತಗಸಬೇಕ ನೋಡ್ರಿ” ಅಂದಳು.

“ಕುಂದ್ರಾಕ ಸೀಟ್ ಕೊಡ್ತೀಯೇನವಾ ಇದಕ್ಕ?”

ಹುಡುಗಿ ನಕ್ಕು ಮುಂದೆ ಹೋದಳು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ಪರಿಚಯದವರು ಯಾರೂ ಹತ್ತಲಿಲ್ಲ, ಪುಣ್ಯ.

ಅಂಗಡಿಯಲ್ಲಿ ಒಂದೊಂದೇ ಟ್ರ್ಯಾಕ್ಟರಿನ ಹಿಂದೆ ಗಳ ಅಡ್ಡ ಹಿಡಿದಳು. ದೊಡ್ಡವೆಲ್ಲ ಔಟ್. ಮೂಲೆಯಲ್ಲಿದ್ದ ನೀಲಿ ಬಣ್ಣದ ಪುಟ್ಟ ಗಾಡಿ ಮಾತ್ರ ಗಳದ ಒಳಗೆ ಆರಾಮಾಗಿ ಕೂತಿತು. ಕರುವಿನ ಬೆನ್ನು ತಟ್ಟಿದ ಹಾಗೆ ಅದರ ಬಾನೆಟ್ ತಟ್ಟಿದಳು.

“ಇದ.”

ನಾನು ಸುಮ್ಮನೆ ಒಪ್ಪುವವನಲ್ಲ. ಅದಕ್ಕೆ ಜೋಡಿಸುವ ರೋಟಾವೇಟರ್ ಪಕ್ಕದಲ್ಲೇ ಇತ್ತು. ಮಣ್ಣು ಕತ್ತರಿಸಿ ಪುಡಿ ಮಾಡುವ ಯಂತ್ರ. ಗಳ ಅದರ ಮೇಲೂ ಇಡು ಎಂದೆ. ಇಟ್ಟಳು. ರೋಟಾವೇಟರ್ ಎರಡೂ ಕಡೆ ಹೊರಗೆ ಚಾಚಿತ್ತು! ಗಾಡಿ ಯಾವತ್ತೂ ಮುಂದೆ ತಗಲುವುದಿಲ್ಲ, ಹಿಂದೆ ತಗಲುತ್ತದೆ. ಇದು ಡ್ರೈವರನ ಕಣ್ಣಿಗೇ ಕಾಣುವುದು.

“ಹೌದಲ್ರೀ...” ಅಂದಳು. ನನ್ನನ್ನು ನೋಡಿದ ರೀತಿಯೇ ಬೇರೆ. ಇದಕ್ಕಿಂತ ಕಡಿಮೆ ಅಗಲದ್ದೂ ಬರುತ್ತದೆ, ತರಿಸಿಕೊಡುತ್ತೇನೆ ಎಂದ ಗೌತಮ.

ಬರುವಾಗ ಇಬ್ಬರೂ ಮಿರ್ಚಿ ತಿಂದೆವು. ಗಳ ಹೊರುವ ಪಾಳಿ ನನ್ನದು.

ಏಪ್ರಿಲ್ 16, ಬುಧವಾರ

ಗೌತಮನ ಫೋನು ಬಿಡುವಿಲ್ಲದೆ. ಒಂದ ಮಷಿನ್ರಿ, ಹತ್ತಾರು ಕೆಲಸ್ರಿ, ಅನ್ನುತ್ತಾನೆ. ರೋಟಾವೇಟರ್ ಅಂತೆ, ಬಿತ್ತುವ ಕೂರಿಗಿ ಅಂತೆ, ಕಳೆ ತೆಗೆಯುವ ಕುಂಟಿ ಅಂತೆ, ಔಷಧ ಹೊಡೆಯುವ ಪಂಪ್, ಟ್ರೇಲರ್, ನೆಲ ಸಮ ಮಾಡುವ ಹಲಗೆ, ಕೊನೆಗೆ ಹುಲ್ಲು ಕೊಯ್ಯುವುದೂ ಇದೆಯಂತೆ. ನಮ್ಮದು ನಾಲ್ಕು ಎಕರೆ. ಎಲ್ಲವನ್ನೂ ತಂದರೆ ಬೆಳೆಗೆ ಜಾಗ ಎಲ್ಲಿ?

ನಾಲ್ಕೇ ಸಾಕು ಎಂದು ಒಪ್ಪಿಕೊಂಡೆವು. ರೋಟಾವೇಟರ್, ಕೂರಿಗಿ, ಕುಂಟಿ. ಇಲ್ಲಿಯವರೆಗೆ ತಕರಾರಿಲ್ಲ. ನಾಲ್ಕನೆಯದಕ್ಕೆ ಜಗಳ. ಅವಳಿಗೆ ಪಂಪ್ ಬೇಕು. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನಿಂಬೆಗೆ ಔಷಧ ಹೊಡೆದು ಸೊಂಟ ಹಿಡಿದಿದೆ. ನನಗೆ ಟ್ರೇಲರ್ ಬೇಕು. ಟ್ರೇಲರ್ ಇಲ್ಲದ ಟ್ರ್ಯಾಕ್ಟರ್ ಅಂದರೆ ಪ್ಯಾಸೆಂಜರ್ ಇಲ್ಲದ ಬಸ್ಸು ಎಂದೆ.

“ಯಾರನ್ನ ಹತ್ತಿಸ್ಕೊಂಡ ಹೋಗಾವ್ರದೀರಿ?”

ಚಹಾದ ಲೋಟ ಎತ್ತಿಕೊಂಡು ಹೊರಗೆ ಬಂದೆ. ಆದರೂ ಟ್ರೇಲರೇ ಬೇಕು.

ಏಪ್ರಿಲ್ 18, ಶುಕ್ರವಾರ

ಕೆಟ್ಟ ದಿನ. ಊಟಕ್ಕೆ ಕೂತಾಗ ನಾನೇ ಶುರು ಮಾಡಿದೆ—ಬಿತ್ತನೆಗೆ ನಾನು ಗಾಡಿ ಹೊಡೆಯುತ್ತೇನೆ, ನೀನು ಹಿಂದೆ ಕೂರಿಗಿ ನೋಡಿಕೋ.

“ಗಾಡಿ ನಾ ಹೊಡೀತೀನಿ” ಅಂದಳು.

ನಕ್ಕುಬಿಟ್ಟೆ. ಸ್ವಲ್ಪ ಜಾಸ್ತಿಯೇ ನಕ್ಕೆ.

ತಟ್ಟೆ ಸರಿಸಿದಳು. “ನೀವು ಬಸ್ಸಿನ್ಯಾಗಿದ್ರಿ. ಹೊಲದಾಗ ನಾ ಇದ್ದೆ. ಎತ್ತು ಹೂಡೀನಿ, ರಾತ್ರಿ ಕರೆಂಟ್ ಬಂದಾಗ ನೀರು ಕಟ್ಟೀನಿ. ಈಗ ಗಾಡಿ ಬರ್ತೈತಿ ಅನ್ನೂದ್ರಾಗ ನನಗ ಹಿಂದ ನಡಿ ಅಂತೀರಿ?”

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ಚಹಾದಂಗಡಿಯಲ್ಲಿ ಗ್ಯಾನಪ್ಪ, ಈ ವರ್ಷ ಹೊಲ ನನಗೇ ಲಾವಣಿಗೆ ಕೊಡ್ರಿ, ವರ್ಷದ ಗುತ್ತಿಗೆ ರೊಕ್ಕ ಕೊಡ್ತೀನಿ ಎಂದಿದ್ದ. ನೋಡೋಣ ಎಂದಿದ್ದೆ. ಅವನು ಅದನ್ನೇ ಒಪ್ಪಿಗೆ ಎಂದು ಊರಿಗೆಲ್ಲ ಸಾರಿದ್ದಾನೆ. ಪಕ್ಕದ ಮನೆಯ ತಿಪ್ಪವ್ವನ ಬಾಯಿಂದ ಇವಳಿಗೆ ಗೊತ್ತಾಗಿದೆ. ಹೊಲ ಚನ್ನವ್ವನ ತವರಿಂದ ಬಂದದ್ದು. ಅವಳನ್ನು ಒಂದು ಮಾತು ಕೇಳಬೇಕಿತ್ತು.

ಏಪ್ರಿಲ್ 19

ಗಜೇಂದ್ರಗಡಕ್ಕೆ ಹೋದಳು. ಮಗಳ ಮನೆಗೆ.

ಏಪ್ರಿಲ್ 27, ಭಾನುವಾರ

ಬರೆಯುವಂಥದ್ದು ಏನೂ ಇರಲಿಲ್ಲ. ನನ್ನ ರೊಟ್ಟಿ ಎಲ್ಲ ಬೇರೆ ಬೇರೆ ದೇಶದ ನಕಾಶೆ. ತಿಪ್ಪವ್ವ ಪಲ್ಯ ಕೊಡುತ್ತಾಳೆ, ಜೊತೆಗೆ ಒಂದು ನೋಟ.

ದಿನಾ ನಿಂಬೆಗೆ ನೀರು ಹಾಯಿಸಿದೆ. ಪೈಪು ಒಂದು ಮಡಿಯಿಂದ ಎತ್ತಿ ಇನ್ನೊಂದಕ್ಕೆ ಹಾಕಬೇಕು. ಬಗ್ಗು, ಏಳು, ಬಗ್ಗು. ಸಾಲು ಮುಗಿಯುವುದರೊಳಗೆ ಸೊಂಟ ನನ್ನದಾಗಿ ಉಳಿಯಲಿಲ್ಲ. ಇದನ್ನು ಇಷ್ಟು ವರ್ಷ ಮಾಡಿಯೂ ರಾತ್ರಿ ನನಗೆ ಬಿಸಿ ರೊಟ್ಟಿ ಬಡಿದಳಲ್ಲ...

ಇವತ್ತು ಗ್ಯಾನಪ್ಪ ಎಲೆ ಅಡಿಕೆ ಹಿಡಿದುಕೊಂಡೇ ಬಂದ. ಮುಂಗಾರಿಗೆ ತಾನೇ ಬಿತ್ತುತ್ತಾನಂತೆ. ಇಲ್ಲಪ್ಪ, ಕೊಡುವುದಿಲ್ಲ, ನಾವೇ ಗಾಡಿ ತರುತ್ತಿದ್ದೇವೆ ಎಂದೆ.

“ಈ ವಯಸ್ಸಿನ್ಯಾಗ ಹೊಲದಾಗ ಗಾಡಿ ಹೊಡೀತೀರೇನ್ರೀ ಅಣ್ಣಾರ?”

“ಹೊಡೆಯಾಂವ ನಾ ಅಲ್ಲಪಾ. ನಿಮ್ಮ ಅಕ್ಕ.”

ಬಾಯಿಂದ ತಾನಾಗಿ ಬಂತು. ಅವನು ಹೊರಟ. ಆಮೇಲೆ ಗೌತಮನಿಗೆ ಫೋನು ಮಾಡಿದೆ—ಸಣ್ಣ ಗಾಡಿ, ಕಡಿಮೆ ಅಗಲದ ರೋಟಾವೇಟರ್, ನಮ್ಮ ಹೊಲದಲ್ಲೇ ಡೆಮೋ ಬೇಕು.

ಏಪ್ರಿಲ್ 29, ಮಂಗಳವಾರ

ಗಜೇಂದ್ರಗಡ. ಬನಶ್ರೀಯ ಮನೆಯಲ್ಲಿ ಸೀರೆ ನೇಯುತ್ತಾರೆ, ಓಣಿಯ ತುದಿಗೇ ಮಗ್ಗದ ಸದ್ದು ಕೇಳುತ್ತದೆ. ಚನ್ನವ್ವ ಪಡಸಾಲೆಯಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಅಪ್ಪಾ, ಎಷ್ಟ ಸೊರಗೀರಿ!” ಅಂದಳು ಬನಶ್ರೀ.

“ಸೊರಗ್ಲಿ” ಅಂದಳು ಅವಳ ತಾಯಿ.

ನಾನು ಕಂಬಕ್ಕೆ ಒರಗಿ ಕೂತೆ. ಗುರುವಾರ ಹೊಲದಾಗ ಡೆಮೋ ಐತಿ ಎಂದೆ.

“ಹೊಡ್ಯಾವ್ರು ಯಾರು?”

“ನೀನ.”

ರಾಟಿ ನಿಂತಿತು. “ಲಾವಣಿ?”

“ಇಲ್ಲಂತ ಹೇಳಿ ಕಳಿಸೀನಿ. ನಿನ್ನ ಕೇಳದ ಹಂಗ ನೋಡೂಣು ಅನ್ನಬಾರದಿತ್ತು ನಾ.”

“ಮತ್ತ ನಗೂದಿಲ್ಲ?”

“ನಗೂದಿಲ್ಲ.”

ಊಟವಾದ ಕೂಡಲೇ ಹೊರಟೆವು. ಬ್ಯಾಗು ತುಂಬಲು ಹೊತ್ತೇ ಹಿಡಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬನಶ್ರೀ ಕಿವಿಯಲ್ಲಿ ಹೇಳಿದಳು—ಅವ್ವ ಮೊನ್ನೆಯೇ ಬ್ಯಾಗು ತುಂಬಿಟ್ಟುಕೊಂಡು ಕೂತಿದ್ದಳಂತೆ.

ಮೇ 1, ಗುರುವಾರ

ಮೊದಲು ನಾನು ಹತ್ತಿದೆ. ತೋರಿಸಿಕೊಡುವ ಉತ್ಸಾಹ. ನಿಂಬೆ ಸಾಲಿನ ನಡುವೆ ಗಾಡಿ ಒಂದು ಎಲೆಗೂ ತಗಲದೆ ಹೋಯಿತು. ಹಿಂದೆ ಮಣ್ಣು ಹಿಟ್ಟಾಗಿ ಬೀಳುತ್ತಿತ್ತು. ಖುಷಿಯಾಯಿತು. ಸಾಲಿನ ಕೊನೆಯಲ್ಲಿ ಬಸ್ಸು ತಿರುಗಿಸಿದ ಹಾಗೆ ಅಗಲಕ್ಕೆ ಎಳೆದೆ. ಮುಂದಿನ ಗಾಲಿ ಎರಡೂ ಬದುವಿನ ಮೇಲೆ ಹತ್ತಿ ಕೂತವು.

“ಡ್ರೈವರ್ ಸಾಹೇಬ್ರ, ಇದು ಹುಬ್ಬಳ್ಳಿ ಸರ್ಕಲ್ ಅಲ್ರೀ!” ಗುರುಪಾದ ಕೂಗಿದ.

ಆಮೇಲೆ ಚನ್ನವ್ವ. ಸೆರಗು ಬಿಗಿದು ಸಿಕ್ಕಿಸಿ ಹತ್ತಿದಳು. ಗೌತಮ ಲೋ ಗೇರ್ ಹಾಕಿಕೊಟ್ಟ. ದಾರ ಹಿಡಿದ ಹಾಗೆ ನೇರ ಹೋದಳು. ಎತ್ತು ಹೂಡಿದ ಕಣ್ಣು, ಸಾಲು ತಪ್ಪಲಿಲ್ಲ. ಸಾಲು ಮುಗಿಯಿತು. ಗಾಡಿ ಮಾತ್ರ ಹೋಗುತ್ತಲೇ ಇತ್ತು.

“ನಿಲ್ಲಸೂದು ಹ್ಯಾಂಗ್ರೀ!”

“ಕ್ಲಚ್! ಎಡಗಾಲು! ಒತ್ತು!” ಪಕ್ಕದಲ್ಲೇ ಓಡಿದೆ. ಅವಳು ಗಾಬರಿಯಲ್ಲಿ ಎರಡೂ ಕಾಲು ಮೇಲೆತ್ತಿಬಿಟ್ಟಳು. ಗುರುಪಾದ ಹಿಂದಿನಿಂದ “ಹೋಲ್ಡಾನ್! ಹೋಲ್ಡಾನ್!” ಎಂದು ಒದರಿದ. ಟ್ರ್ಯಾಕ್ಟರಿಗೆ ಕಂಡಕ್ಟರನ ಭಾಷೆ ಎಲ್ಲಿ ತಿಳಿಯಬೇಕು? ನೀರಿಗಿಳಿಯುವ ಎಮ್ಮೆಯ ಹಾಗೆ ನಿಧಾನಕ್ಕೆ ಹೋಗಿ, ಮೇವಿನ ಬಣವೆಯೊಳಗೆ ಸ್ಟೇರಿಂಗ್‌ವರೆಗೂ ಹೊಕ್ಕು, ಕೆಮ್ಮಿ ನಿಂತಿತು.

ಎಲ್ಲರೂ ಬಣವೆಯ ಕಡೆ ಓಡಿದೆವು. ಆಮೇಲೆ ಮೇವಿನೊಳಗಿಂದ ನಗು ಕೇಳಿಸಿತು. ಅವಳದೇ. ಒಣ ಸೊಪ್ಪೆ ತಲೆಯ ಮೇಲೆ, ಮೂಗಿನ ಮೇಲೆ; ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

“ಈಗ ನಗ್ರಿ” ಅಂದಳು. ಅಪ್ಪಣೆ ಸಿಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗೌತಮ ಬೆವರು ಒರೆಸಿಕೊಂಡು ಗಾಡಿಯ ಸುತ್ತ ಬಂದ. ಒಂದು ಗೀರೂ ಇಲ್ಲ. “ಇನ್ನೊಮ್ಮೆ ಹೊಡೀತೀರೇನ್ರಿ ಅವ್ವಾರ?” ಪಾಪ, ಮರ್ಯಾದೆಗೆ ಕೇಳಿದ. ಅವಳು ಹತ್ತಿಯೇಬಿಟ್ಟಳು.

ಮೇ 5, ಸೋಮವಾರ

ಬುಕ್ ಮಾಡಿದೆವು. ನೀಲಿ ಗಾಡಿಯೇ. ದಾರಿಯಲ್ಲಿ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಿದ್ದೆ, ಪಂಪ್ ಅವಳಿಗೆ ಬಿಟ್ಟುಕೊಡಬೇಕು.

ನಾಲ್ಕನೆಯದು ಯಾವುದು ಎಂದು ಗೌತಮ ಕೇಳಿದ.

“ಪಂಪ್” ಎಂದೆ ನಾನು.

“ಟ್ರೇಲರ್” ಎಂದಳು ಅವಳು. ಒಟ್ಟಿಗೇ.

ಗೌತಮ ಪೆನ್ನು ಎತ್ತಿ ಇಬ್ಬರನ್ನೂ ನೋಡಿದ. “ಪಂಪ್ ಬ್ಯಾಡ್ರಿ” ಅಂದಳು ಚನ್ನವ್ವ. “ಕ್ಯಾನ್ ಹೊರಾಕ ಈ ವರ್ಷದಿಂದ ಇವ್ರದಾರ, ಬೆನ್ನ ಗಟ್ಟಿ ಐತಿ. ಟ್ರೇಲರ್ ಹಾಕ್ರಿ. ಗಾಡಿ ನಾ ಹೊಡದ್ರ ಇವ್ರು ಎಲ್ಲಿ ಕುಂದ್ರಬೇಕು?”

ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ. 

ಮೇ 25, ಭಾನುವಾರ

ಗಾಡಿ ಬಂದು ಮೂರು ದಿನ. ಕುಂಕುಮ ಹಚ್ಚಿ, ಗಾಲಿಗೆ ನಮ್ಮದೇ ನಿಂಬೆಹಣ್ಣು ಇಟ್ಟು ಹಾಯಿಸಿದೆವು. ಇಟಗಿಗೆ ಹೋಗಿ ಭೀಮಾಂಬಿಕೆಗೆ ಕಾಯಿ ಒಡೆಸಿ ಬಂದೆವು. ಹೋಗುವಾಗ ಬರುವಾಗ ರಸ್ತೆಯಲ್ಲಿ ನಾನೇ ಹೊಡೆದೆ, ಲೈಸೆನ್ಸ್ ನನ್ನದು. ಹೊಲದೊಳಗೆ ಅವಳು.

ಕಲಿಸುವುದು ನನ್ನ ಕೆಲಸ. ಮಡ್‌ಗಾರ್ಡ್ ಮೇಲೆ ಕೂತು ಎರಡು ದಿನ ಒಂದೇ ಸಮ ಒದರಿದೆ. ಹಾಫ್ ಕ್ಲಚ್! ರೇಸ್ ಕಡಿಮೆ! ಹಿಂದೆ ನೋಡು! ಇವತ್ತು ಗಾಡಿ ನಿಲ್ಲಿಸಿದಳು. ಚಂದವಾಗಿಯೇ ನಿಲ್ಲಿಸಿದಳು.

“ಬಸ್ಸಿನ್ಯಾಗ ಪ್ಯಾಸೆಂಜರ್ ಹಿಂಗ ಒದರಿದ್ರ ಏನ್ ಮಾಡ್ತಿದ್ರಿ?”

“ಇಳಸ್ತಿದ್ದೆ.”

“ಇಳೀರಿ.”

ಇಳಿದೆ. ಬದುವಿನ ಮೇಲೆ ಕೂತು ನೋಡಿದೆ. ನಾನಿಲ್ಲದೆ ಮೂರು ಸಾಲು ಹೋಗಿ ಬಂದಳು. ತಿರುವು ನನಗಿಂತ ಚಲೋ ತೆಗೆದುಕೊಳ್ಳುತ್ತಾಳೆ. ಇದನ್ನು ಇಲ್ಲಿ ಬರೆದೆ, ಅವಳಿಗೆ ಹೇಳಿಲ್ಲ.

ಜೂನ್ 4, ಬುಧವಾರ, ಬೆಳಿಗ್ಗೆ

ಮಳೆ ಬಿಡುವು ಕೊಟ್ಟು ನೆಲ ಹದಕ್ಕೆ ಬಂದಿದೆ. ಇವತ್ತು ಹೆಸರುಕಾಳಿನ ಬಿತ್ತನೆ. ಕೂರಿಗಿ ನಿನ್ನೆಯೇ ಹೊಲದಲ್ಲಿಟ್ಟು ಬಂದಿದ್ದೇವೆ. ಬೀಜದ ಚೀಲ, ನೀರಿನ ಕೊಡ, ಬುತ್ತಿ ಎಲ್ಲ ಟ್ರೇಲರಿನಲ್ಲಿ. ನನಗೆ ಕೂರಲು ಕಂಬಳಿಯನ್ನೂ ಮಡಚಿ ಹಾಕಿದ್ದಾಳೆ.

ನಸುಕಿನಲ್ಲೇ ಗ್ಯಾನಪ್ಪ ಬಂದಿದ್ದ. ಅವನ ಬಾವಿಯ ಹತ್ತಿರದ ತುಂಡಿನಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲವಂತೆ. “ಅಕ್ಕಾರು ಒಂದ ತಾಸ ಬರ್ತಾರೇನ್ರಿ?” ನನ್ನನ್ನು ಕೇಳಿದ. ಗಾಡಿ ಅವಳದು, ಅವಳನ್ನೇ ಕೇಳು ಎಂದೆ. ಒಳಗಿಂದಲೇ ಉತ್ತರ ಬಂತು, “ಮೊದಲ ನಮ್ಮದು ಮುಗೀಲಿ. ಗಿಡ ಅದಾವೇನ ಅಲ್ಲೆ? ಇದ್ರ ಮೊದಲ ಹೇಳಪಾ, ಅಡ್ಡ ಬರ್ತಾವು.” ಗ್ಯಾನಪ್ಪ ತಲೆ ಕೆರೆದುಕೊಂಡು ನಕ್ಕ.

ಗಾಡಿ ಸ್ಟಾರ್ಟ್ ಆಯಿತು. ನಮ್ಮ ಓಣಿಯಿಂದ ಹೊಲಕ್ಕೆ ಬಂಡಿದಾರಿ, ರಸ್ತೆ ಹತ್ತುವುದೇ ಬೇಡ, ಹಾಗಾಗಿ ಇವತ್ತು ಅಲ್ಲಿಯವರೆಗೂ ಅವಳೇ. ಗಾಡಿ ಮೇಲಿಂದಲೇ ಕೂಗುತ್ತಿದ್ದಾಳೆ: “ಬರೀತ ಕುಂದ್ರತೀರೋ, ಬರ್ತೀರೋ?”

ಇನ್ನು ಎರಡೇ ಸಾಲು. ನಿನ್ನೆ ರಾತ್ರಿ ಊಟ ಮಾಡುವಾಗ ಚನ್ನವ್ವ ಒಂದು ಮಾತು ಹೇಳಿದಳು, ಅದನ್ನು ಬರೆಯದೆ ಹೋದರೆ... ಅಯ್ಯ, ಹೊರಟೇಬಿಟ್ಟಳು! ಟ್ರೇಲರ್ ಬಾಗಿಲು ದಾಟುತ್ತಿದೆ, ನನ್ನ ಚಪ್ಪಲಿ ಎಲ್ಲಿ, ಒಂದೇ ಕಾಲಿಂದು ಸಿಕ್ತು, ಇನ್ನೊಂದು