ಹದಿನೇಳನೆಯ ತಟ್ಟೆ ತೊಳೆದ ಮಾಸ್ತಮ್ಮನಿಗೆ

ಕಡಲೇರಿದ ನೂರಾ ಅರವತ್ತೆರಡನೆಯ ವರ್ಷ
ಹದಿಮೂರನೆಯ ತಿಂಗಳು, ಇಳಿತದ ನಾಲ್ಕನೆಯ ದಿನ
ತಟ್ಟೆಮನೆ, ಹೊನ್ನಾವರದ ನೀರೂರು

ಪ್ರೀತಿಯ ಮಾಸ್ತಮ್ಮಜ್ಜಿಗೆ ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಚಂದ್ರಭಾಗಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳು ಇಲ್ಲವೆಂದು ನನಗೂ ಗೊತ್ತು. ಸಮುದ್ರ ಊರೊಳಗೆ ಬಂದು, ಹಿಂದಿರುಗದೆ ಇಲ್ಲೇ ಉಳಿದ ವರ್ಷವನ್ನು ನಾವು ಮೊದಲನೆಯದು ಎಂದು ಎಣಿಸಿದೆವು. ತಿಂಗಳುಗಳನ್ನು ಚಂದ್ರನಿಗೂ ಉಬ್ಬರವಿಳಿತಕ್ಕೂ ಹೊಂದಿಸಿದೆವು, ಹದಿಮೂರಾದವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನೀನು ಅಮೀಬಾಗಳ ಬಗ್ಗೆ ಬರೆದಿಟ್ಟ ನೋಟ್‌ಬುಕ್ಕಿನಿಂದಲೇ, ಹಾಗಾಗಿ ತಪ್ಪಿದ್ದರೆ ಅರ್ಧ ನಿನ್ನದೂ ಹೌದು. ನನಗೀಗ ಎಪ್ಪತ್ತೆಂಟು. ಆ ನೋಟ್‌ಬುಕ್ ಬರೆಯುತ್ತ ಈ ಕಾಗದ ಓದುವ ನಿನಗೆ ಇಪ್ಪತ್ತಾರು. ನಿನ್ನನ್ನು ಅಜ್ಜಿ ಎಂದು ಕರೆಯುವಾಗ ನನಗೇ ನಗು ಬರುತ್ತದೆ ಮಾರಾಯ್ತಿ, ಆದರೆ ಬೇರೆ ಹೇಗೆ ಕರೆಯಲಿ? ನೀನು ಯಾರನ್ನು ಮದುವೆಯಾದೆ ಎಂಬುದನ್ನು ಮಾತ್ರ ಕೇಳಬೇಡ. ಹೇಳಿದರೆ ನೀನು ಹಟಕ್ಕೆ ಬಿದ್ದು ಇನ್ನೊಬ್ಬನನ್ನು ಕಟ್ಟಿಕೊಳ್ಳುತ್ತೀ, ಆಮೇಲೆ ನಾನು ಹುಟ್ಟುವುದೇ ಇಲ್ಲ.

ಬರೆಯಲು ಕಾರಣ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂದು ಹೆಣ್ಣು ಕೂಸಿದೆ, ನನ್ನ ಮೊಮ್ಮಗಳು ಸುಗುಣಿಯ ಮಗಳು. ಬರುವ ಹುಣ್ಣಿಮೆಗೆ ಅವಳಿಗೆ ಮೂರು ತುಂಬುತ್ತದೆ. ಇನ್ನೂ ಹೆಸರಿಲ್ಲ. ಹೆಸರಿಡದಂತೆ ತಡೆದಿರುವುದು ನೀನು ಹಾಕಿಕೊಟ್ಟ ಕಟ್ಟಳೆ. ಅದನ್ನು ಮುರಿಯಬೇಕೆಂದಿದ್ದೇನೆ. ಒಂದು ಕಟ್ಟಳೆಯನ್ನು ಮುರಿಯುವ ಮೊದಲು ಅದನ್ನು ಹಾಕಿದವರಿಗೆ ಕಾಗದ ಬರೆದು ತಿಳಿಸಬೇಕೆಂಬುದು ನೀರೂರಿನ ಪದ್ಧತಿ. ಅವರು ಸತ್ತು ಎಷ್ಟು ಕಾಲವಾಗಿದ್ದರೂ ಸರಿ, ಬರೆದು, ಗಾಜಿನ ಕೊಳವೆಯಲ್ಲಿ ಮುಚ್ಚಿ, ಇಳಿತದ ನೀರಿಗೆ ಬಿಟ್ಟು, ಒಂದು ದಿನ ಕಾಯಬೇಕು. ಇದನ್ನು ನಾವು ತಿಳಿವೋಲೆ ಎನ್ನುತ್ತೇವೆ.

ನೀರೂರು ಎಂದರೆ ಏನೆಂದು ನಿನಗೆ ಹೇಗೆ ತಿಳಿಯಬೇಕು, ಹೇಳುತ್ತೇನೆ. ಶರಾವತಿ ಕಡಲಿಗೆ ಸೇರುವಲ್ಲಿ ಆರುನೂರು ಚಿಲ್ಲರೆ ಮನೆಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ತೇಲುತ್ತವೆ. ನಿನ್ನ ಕಾಲದ ಬಸ್ ಸ್ಟ್ಯಾಂಡು ನಮ್ಮ ಕಾಲಡಿ ನಾಲ್ಕು ಮಾರು ನೀರಿನಲ್ಲಿದೆ, ಅದರ ಚಾವಣಿಯ ಮೇಲೆ ತಿನ್ನಲು ಚಿಪ್ಪಿಕಲ್ಲು ಬೆಳೆಸುತ್ತೇವೆ. ಕುಡಿಯುವ ನೀರು ಕಡಲಿನದೇ. ಅದು ಸೋಸುಹಾಸು ಎಂಬ ದಪ್ಪ ನಾರಿನ ಚಾಪೆಗಳ ಮೂಲಕ ಇಳಿದು ಬರುತ್ತದೆ. ಚಾಪೆಯ ಮೇಲೆ ದಿನಾ ಬ್ಯಾಕ್ಟೀರಿಯಾದ ಲೋಳೆ ಕಟ್ಟುತ್ತದೆ, ಆ ಲೋಳೆಯನ್ನು ಮೇಯಲು ನಾವು ಬಿಡುವುದು ನಿನ್ನ ಅಮೀಬಾಗಳನ್ನು. ಹೌದಜ್ಜಿ, ನಿನ್ನವನ್ನೇ! ಕಣ್ಣಿಗೆ ಕಾಣದ ಆ ಒಂದೇ ಕೋಶದ ಜೀವ ನಾಲ್ಕು ದಿನ ಮೇಯದಿದ್ದರೆ ಊರಿಗೆ ಊರೇ ಬಾಯಾರಿ ಕೂರುತ್ತದೆ. ಅವುಗಳ ತಳಿ ಕಾಯುವ ಮನೆಯೇ ತಟ್ಟೆಮನೆ. ಐವತ್ತೊಂದು ವರ್ಷಗಳಿಂದ ಅದರ ಕೀಲಿಕೈ ನನ್ನ ಸೊಂಟದಲ್ಲಿದೆ. ಅವನ್ನು ಸಾಕುವ ಪ್ರತಿ ಗಾಜಿನ ತಟ್ಟೆಗೂ ಒಂದು ಕಾಳು ಅಕ್ಕಿ ಹಾಕುತ್ತೇವೆ, ಅಕ್ಕಿ ಕೊಳೆತು ಬ್ಯಾಕ್ಟೀರಿಯಾ ಬೆಳೆಯಲಿ, ಅದನ್ನು ಅಮೀಬಾ ತಿನ್ನಲಿ ಎಂದು. ನೀನು ಮಾಡುತ್ತಿದ್ದುದೂ ಅದನ್ನೇ. ಈಗ ಅಕ್ಕಿ ಬಲು ಅಪರೂಪ. ಆದರೂ ಮೊದಲು ತಟ್ಟೆಗೆ, ಆಮೇಲೆ ಮನುಷ್ಯರಿಗೆ.

ನಮ್ಮ ಮಕ್ಕಳು ಅಕ್ಷರಕ್ಕಿಂತ ಮುಂಚೆ ಅಮೀಬಾ ಗುರುತಿಸಲು ಕಲಿಯುತ್ತಾರೆ. ಮುಂದೆ ಅಗಲವಾಗಿ ಹರಡಿಕೊಂಡು ಜಾರುವುದು ಬೀಸಣಿಗೆ. ಉದ್ದಕ್ಕೆ ಚಪ್ಪಟೆಯಾಗಿ ಸರಿಯುವುದು ನಾಲಗೆ. ಅಂಚಿನಿಂದ ಮೊಂಡು ಬೆರಳುಗಳನ್ನು ಚಾಚುತ್ತ ಹೋಗುವುದು ಬೆರಳಿ. ಬೆರಳಿಗಳಲ್ಲೇ ಒಂದಕ್ಕೆ ಕೋಶಬೀಜದ, ಎಂದರೆ ನಿಮ್ಮ ನ್ಯೂಕ್ಲಿಯಸ್ಸಿನ, ಪಕ್ಕದಲ್ಲಿ ಇನ್ನೊಂದು ಬೀಜದಂಥದು ಅಂಟಿಕೊಂಡಿರುತ್ತದೆ. ಅದು ಅದರೊಳಗೆ ಬಾಡಿಗೆ ಇಲ್ಲದೆ ಬದುಕುವ ಇನ್ನೊಂದು ಜೀವಿ. ಇದು ಜೋಡುಬೀಜ. ಪಾಪ, ತನ್ನ ಪಾಡಿಗೆ ಕಡಲಿನಲ್ಲಿ ಬದುಕಿಕೊಂಡಿರುತ್ತದೆ, ಆದರೆ ಸಾಕಿದ ಮೀನಿನ ಕಿವಿರಿಗೆ ಹೊಕ್ಕರೆ ಕೊಂದೇಬಿಡುತ್ತದೆ. ಆದ್ದರಿಂದ ನಮಗೆ ಯಾವುದು ಯಾವುದೆಂದು ತಿಳಿಯುವುದು ಪಂಡಿತರ ಚರ್ಚೆಯಲ್ಲ, ಹೊಟ್ಟೆಪಾಡು. ಸಿಹಿನೀರಿನ ಅಮೀಬಾಗೆ ಒಳಗೆ ನುಗ್ಗಿದ ನೀರನ್ನು ಹೊರಗೆ ದಬ್ಬಲು ಒಂದು ಗುಳ್ಳೆ ಮಿಡಿಯುತ್ತಲೇ ಇರಬೇಕು. ನಮ್ಮ ಕಡಲಿನ ಹೆಚ್ಚಿನವಕ್ಕೆ ಆ ತಾಪತ್ರಯವಿಲ್ಲ, ಆರಾಮಾಗಿರುತ್ತವೆ.

ಮೈಗೊಂದು ಆಕಾರವೇ ಇಲ್ಲದ್ದನ್ನು ಆಕಾರ ನೋಡಿ ಗುರುತಿಸುವುದು ಹೇಗೆ ಎಂದು ನಿನ್ನ ತಾಯಿ ನಿನ್ನನ್ನು ಕೇಳಿದ್ದಳಂತೆ, ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿದ್ದೀ. ಅದಕ್ಕೆ ನೀನು ಕೊಟ್ಟ ಉತ್ತರವನ್ನೇ ನಾನು ಇಂದಿಗೂ ಪಾಠ ಹೇಳುತ್ತೇನೆ: ನಿಂತದ್ದನ್ನು ನೋಡಬೇಡ, ನಡೆಯುವುದನ್ನು ನೋಡು. ಒಂದೇ ದಿಕ್ಕಿಗೆ ಹೊರಟಾಗ ಪ್ರತಿ ಜಾತಿಯೂ ತನ್ನದೇ ಠೀವಿಯಲ್ಲಿ ಹೋಗುತ್ತದೆ. ಆಮೇಲೆ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಮೈಯ ಹೊದಿಕೆ ನೋಡಬೇಕು, ಕೆಲವಕ್ಕೆ ಮೀನಿನಂತೆ ಹುರುಪೆ, ಕೆಲವಕ್ಕೆ ನವಿರಾದ ಕೂದಲು. ಕೊನೆಗೆ ಒಳಓಲೆ ಓದಬೇಕು, ನೀವು ಡಿಎನ್‌ಎ ಎನ್ನುತ್ತಿದ್ದಿರಲ್ಲ, ಅದು. ಹೊದಿಕೆ ನೋಡಿ ಬೇರೆ ಬೇರೆ ಕುಲವೆಂದು ದೂರ ಇಟ್ಟವರು ಒಳಓಲೆ ಓದಿದಾಗ ಒಂದೇ ಮನೆಯವರೆಂದು ಗೊತ್ತಾಗಿ, ಹಿರಿಯರು ತಲೆ ಕೆರೆದುಕೊಂಡು ಪಟ್ಟಿ ತಿದ್ದಿದ್ದೂ ಉಂಟು. ಅಂತೂ ಶುರುವಾಗುವುದು ನಡಿಗೆಯಿಂದ. ಪಿಪೆಟ್ಟಿನಲ್ಲಿ ಎಳೆದು ತಟ್ಟೆಗೆ ಬಿಟ್ಟ ಕೂಡಲೇ ಅಮೀಬಾ ಹೆದರಿ ಮುದ್ದೆಯಾಗುತ್ತದೆ, ಇಲ್ಲವೇ ಸುತ್ತಲೂ ತೋಳು ಚಾಚಿ ತೇಲುತ್ತದೆ. ಆಗ ಎಲ್ಲವೂ ಒಂದೇ ಥರ. ಅವಸರದಲ್ಲಿ ಹೆಸರಿಟ್ಟರೆ ಒಂದಕ್ಕೆ ಎರಡು ಹೆಸರಾಗುತ್ತದೆ. ಅದಕ್ಕೇ ನೀನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ನಡೆಯುವವರೆಗೆ ಹೆಸರಿಡಬೇಡ.

ಈ ಮಾತು ತಟ್ಟೆಮನೆಯ ಬಾಗಿಲ ಮೇಲೆ ಹಲಗೆಯಾಯಿತು. ಅಲ್ಲಿಂದ ಹೇಗೋ ತೊಟ್ಟಿಲಿಗೂ ಬಂತು. ಕಡಲೇರಿದ ಮೊದಲ ವರ್ಷಗಳಲ್ಲಿ ಎಳೆ ಮಕ್ಕಳು ತುಂಬ ಸಾಯುತ್ತಿದ್ದವಂತೆ, ಹೆಸರಿಟ್ಟು ಅಳುವುದಕ್ಕಿಂತ ಕಾಯುವುದು ಲೇಸೆಂದು ತಾಯಂದಿರಿಗೆ ಅನ್ನಿಸಿರಬೇಕು. ಈಗ ನೀರೂರಿನಲ್ಲಿ ಮಗು ಹೊಸ್ತಿಲಿಂದ ಒಲೆಯವರೆಗೆ ಏಳು ಹೆಜ್ಜೆ ಇಟ್ಟ ದಿನ ಹೆಸರುಹೆಜ್ಜೆ ಮಾಡುತ್ತೇವೆ. ಚಿಪ್ಪಿಕಲ್ಲಿನ ಸುಕ್ಕ, ಪಾಚಿ ರೊಟ್ಟಿ, ಮುರುಗಲು ಪಾನಕ, ಊರೆಲ್ಲ ಗದ್ದಲ. ಅಲ್ಲಿಯವರೆಗೆ ಮಗು ಬರೀ ಕೂಸು. ಹೆಸರಿಲ್ಲದ ಕೂಸಿಗೆ ಶಾಲೆಯ ದೋಣಿಯಲ್ಲಿ ಜಾಗವಿಲ್ಲ. ಊರೆಲ್ಲ ಒಟ್ಟಿಗೆ ಉಣ್ಣುವ ಸಾಲು ಊಟಕ್ಕೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವಾಗ ಅದನ್ನು ಯಾರೂ ಕರೆಯುವುದಿಲ್ಲ, ತಾಯಿಯ ತೊಡೆಯ ಮೇಲೆ ಕೂತು ಉಣ್ಣಬೇಕು.

ನಮ್ಮ ಕೂಸಿನ ಕಾಲಿಗೆ ಶಕ್ತಿಯಿಲ್ಲ. ಹುಟ್ಟಿನಿಂದಲೇ ಹಾಗೆ. ವೈದ್ಯರು ನೋಡಿದರು, ನಡೆಯಲಾರಳು ಎಂದು ಬಾಯಿಬಿಟ್ಟು ಹೇಳಿದರು. ಉಳಿದಂತೆ ಅವಳ ಬಾಯಿ ನೋಡಬೇಕು, ಅಬ್ಬಬ್ಬಾ! ನನ್ನನ್ನು ಚಂದ್ರಿ ಎಂದು ಕರೆಯುತ್ತಾಳೆ, ಹಿರಿಯಳೆಂಬ ಭಯಭಕ್ತಿ ಒಂದಿಷ್ಟೂ ಇಲ್ಲ. ಬೆಳಿಗ್ಗೆ ಮನೆಯ ಹಿಂದಿನ ಕಟ್ಟೆಯಿಂದ ನೀರಿಗೆ ಬಿಟ್ಟರೆ ಎರಡೂ ತೋಳು ಚಾಚಿ, ಆಕಾಶ ನೋಡುತ್ತ ಗಂಟೆಗಟ್ಟಲೆ ತೇಲುತ್ತಾಳೆ, ಕೈಯಲ್ಲೇ ತಿರುಗುತ್ತಾಳೆ, ಮೀನು ಕಚಗುಳಿ ಇಟ್ಟರೆ ಕಿಲಕಿಲ ನಗುತ್ತಾಳೆ. ಹೋದ ತಿಂಗಳು ಸಾಲು ಊಟದಲ್ಲಿ ಎಲ್ಲರನ್ನೂ ಕರೆದು ಮುಗಿದ ಮೇಲೆ, ನನ್ನನ್ನು ಏನೆಂದು ಕರೆಯುತ್ತಾರೆ ಚಂದ್ರಿ ಎಂದು ಕೇಳಿದಳು.

ಊರಿನ ಯಜಮಾನ ಹೊನ್ನಪ್ಪ ಅಂಬಿಗ ನನ್ನ ಜೊತೆ ಆಡಿ ಬೆಳೆದವನು, ಕೆಟ್ಟವನಲ್ಲ. ಕೇಳಲು ಹೋದರೆ, ಕಟ್ಟಳೆ ನಿನ್ನ ಮನೆಯವಳೇ ಮಾಡಿದ್ದಲ್ಲವೇ ಚಂದ್ರಭಾಗಿ, ನಿನ್ನ ಮನೆಯ ಕೂಸೆಂದು ಸಡಿಲಿಸಿದರೆ ಪದ್ಮಿಗೆ ಏನು ಹೇಳುತ್ತೀ ಎಂದ. ನಿನಗೆ ಮುಚ್ಚಿಡಲಾರೆ, ಕೇಳು. ನಲವತ್ತು ವರ್ಷದ ಹಿಂದೆ ಪಕ್ಕದ ಮನೆಯ ಪದ್ಮಿ ತನ್ನ ನಡೆಯದ ಮಗಳನ್ನು ಎತ್ತಿಕೊಂಡು ತಟ್ಟೆಮನೆಗೆ ಬಂದಿದ್ದಳು. ಹೆಸರುಪಟ್ಟಿ ಬರೆಯುವವಳು ನಾನೇ. ಇನ್ನೂ ನಡೆದಿಲ್ಲವಲ್ಲ ಪದ್ಮಿ, ಆಮೇಲೆ ನೋಡೋಣ ಎಂದು ತಲೆ ಎತ್ತದೆ ಹೇಳಿ ಕಳಿಸಿದೆ. ಆ ಕೂಸು ಐದನೆಯ ವರ್ಷದಲ್ಲಿ ಜ್ವರಕ್ಕೆ ಹೋಯಿತು. ಹೆಸರಿಲ್ಲದೆಯೇ ಹೋಯಿತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ನೋಟ್‌ಬುಕ್ಕಿನ ಎರಡನೆಯ ಮತ್ತು ಮೂರನೆಯ ಪುಟ ಉಪ್ಪುನೀರಿಗೆ ಅಂಟಿಕೊಂಡು ಒಂದಾಗಿದ್ದವು. ಹರಿದೀತೆಂಬ ಹೆದರಿಕೆಗೆ ನನ್ನ ತಾಯಿಯಾಗಲಿ ಅವಳ ತಾಯಿಯಾಗಲಿ ಬಿಡಿಸಲಿಲ್ಲ. ಕಳೆದ ವಾರ ಸುಗುಣಿ ಅನ್ನದ ಹಬೆಗೆ ಹಿಡಿದು ನಿಧಾನಕ್ಕೆ ಬಿಡಿಸಿದಳು. ಒಳಗೆ ಹದಿನೇಳನೆಯ ತಟ್ಟೆಯ ಕಥೆಯಿತ್ತು.

ಅಳಿವೆಯ ನೀರಿನಿಂದ ತಂದ ಆ ಅಮೀಬಾ ತೆಳ್ಳಗಿನ ಹನ್ನೊಂದು ತೋಳು ಚಾಚಿ ನೀರಿನ ನಡುವೆ ನಿಂತಿತ್ತು. ನೀನು ಮೂರು ದಿನ ಕಾದೆ, ಅದು ತಳಕ್ಕೆ ಇಳಿಯಲಿಲ್ಲ, ನಡೆಯಲಿಲ್ಲ, ಸತ್ತಿದೆ ಎಂದು ಬರೆದು ತಟ್ಟೆ ತೊಳೆದೆ. ಮರುದಿನ ಬೆಳಿಗ್ಗೆ ಗಾಜಿನ ಪಟ್ಟಿಯ ಮೇಲೆ ಮರೆತು ಉಳಿದಿದ್ದ ಒಂದು ಹನಿಯನ್ನು ನೋಡಿದರೆ, ಅಲ್ಲಿ ಅದೇ ಜೀವ ತೋಳು ಚಾಚಿಕೊಂಡೇ ಬ್ಯಾಕ್ಟೀರಿಯಾ ಹಿಡಿದು ತಿನ್ನುತ್ತಿತ್ತು. ನೀನು ನೋಡುತ್ತಿದ್ದಂತೆ ಎರಡಾಯಿತು. ಮಧ್ಯಾಹ್ನದೊಳಗೆ ಹನಿ ಒಣಗಿತು. ಮತ್ತೆ ಅಳಿವೆಗೆ ಹೋಗಿ ಎಷ್ಟು ಸಲ ನೀರು ತಂದರೂ ಅದು ಸಿಗಲಿಲ್ಲ. ಕೆಳಗೆ ನಿನ್ನ ಕೈಬರಹ, ಅಲ್ಲಲ್ಲಿ ಮಸಿ ಹರಡಿದೆ: "ಇದು ತೇಲಿಯೇ ಬದುಕುವ ಜಾತಿ. ಹಿಂದಿನ ಪುಟದ ಮಾತು ನನ್ನ ಅವಸರಕ್ಕೆ ಹಾಕಿದ ಲಗಾಮು, ಇದರ ಬದುಕಿಗೆ ಹಾಕಿದ ಷರತ್ತಲ್ಲ. ನಡೆಯದಿದ್ದರೆ ಹೇಗೆ ಇರುತ್ತದೆಂದು ನೋಡಬೇಕಿತ್ತು. ನೋಡಲಿಲ್ಲ. ತಪ್ಪಾಯಿತು."

ಅಜ್ಜೀ, ನೂರಾ ಅರವತ್ತು ವರ್ಷ ನಾವು ನಿನ್ನ ಮೊದಲ ಪುಟವನ್ನೇ ಓದುತ್ತ ಬಂದೆವು. ಒಂದು ಪುಟ ತಿರುಗಿಸಿದ್ದರೆ ಸಾಕಿತ್ತು. ಆ ದಿನ ನಾನು ಅತ್ತುಬಿಟ್ಟೆ, ಹದಿನೇಳನೆಯ ತಟ್ಟೆಗೆ ಸ್ವಲ್ಪ, ಉಳಿದದ್ದೆಲ್ಲ ಪದ್ಮಿಯ ಕೂಸಿಗೆ. ಮುಖ ತೊಳೆದುಕೊಂಡು ನೇರ ಪದ್ಮಿಯ ಮನೆಗೆ ಹೋದೆ. ಅವಳು ಬಲೆ ಹೊಲಿಯುತ್ತಿದ್ದಳು. ನಿನ್ನ ಮಗಳಿಗೆ ಏನು ಹೆಸರಿಡಬೇಕೆಂದಿದ್ದೆ ಎಂದು ಕೇಳಿದೆ. ಯೋಚಿಸಲೂ ಇಲ್ಲ ಅವಳು, ತುಂಗೆ ಎಂದಳು. ಇಡಬೇಕೆಂದಿರಲಿಲ್ಲ ಚಂದ್ರಭಾಗಿ, ಇಟ್ಟೇ ಇದ್ದೆ, ಬಾಗಿಲು ಹಾಕಿಕೊಂಡು ಕರೆಯುತ್ತಿದ್ದೆ ಎಂದಳು. ನಾನು ಅವಳ ಕಾಲು ಮುಟ್ಟಿದೆ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯದು, ಬಲೆಯ ಇನ್ನೊಂದು ತುದಿ ಹಿಡಿದುಕೋ ಎಂದಳು, ಸಂಜೆಯವರೆಗೆ ಹಿಡಿದುಕೊಂಡು ಕೂತೆ. ತುಂಗೆಯ ಹೆಸರು ಈಗ ಪಟ್ಟಿಯಲ್ಲಿದೆ. ಹೊನ್ನಪ್ಪ ನಿನ್ನ ಎರಡೂ ಪುಟಗಳನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಆಮೇಲೆ, ಮೊದಲು ಮಾಸ್ತಮ್ಮನಿಗೆ ತಿಳಿವೋಲೆ ಬರೆ ಎಂದಷ್ಟೇ ಹೇಳಿದ.

ನೀನು ಈಗ ಆ ಒಣಗಿದ ಗಾಜನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತೀ ಎಂದು ನನಗೆ ಗೊತ್ತು. ಎದ್ದು ಊಟ ಮಾಡು ಮಗಾ. ನಿನ್ನ ತಪ್ಪನ್ನು ನೀನೇ ಬರೆದಿಟ್ಟೆಯಲ್ಲ, ಅದರಿಂದ ನಮ್ಮ ಕೂಸಿಗೆ ದಾರಿಯಾಯಿತು. ಹದಿನೇಳನೆಯದನ್ನು ನಿನ್ನ ಚಿತ್ರದ ಸಮೇತ ಜಾತಿಪಟ್ಟಿಗೆ ಸೇರಿಸಿದ್ದೇನೆ. ನಡಿಗೆ ಎಂಬ ಕಡೆ ಇಷ್ಟು ದಿನ ಖಾಲಿ ಬಿಡುವಂತಿರಲಿಲ್ಲ, ನಾನು ತೇಲುವುದು ಎಂದು ಬರೆದೆ. ಎಲ್ಲಾದರೂ ಇನ್ನೂ ಇದ್ದೀತು ಎಂಬ ಆಸೆಯಿಂದ ಸುಗುಣಿ ಈಗ ದಿನಾ ಅಳಿವೆಯ ನೀರು ತರುತ್ತಾಳೆ. ಕೂಸೂ ದೋಣಿಯಲ್ಲಿ ಜೊತೆಗೆ ಹೋಗುತ್ತಾಳೆ, ಸೀಸೆ ಹಿಡಿಯುವುದು ಅವಳ ಕೆಲಸ.

ಇನ್ನು ನನ್ನ ಬೇಡಿಕೆ. ಕೂಸಿಗೆ ಇಡಲು ನಿನ್ನ ಹೆಸರು ಕೊಡು. ಪಟ್ಟಿ ತೆರೆದಿಟ್ಟಿದ್ದೇನೆ. ಹೆಸರು ಮಾಸ್ತಮ್ಮ, ತಾಯಿ ಸುಗುಣಿ, ನಡಿಗೆ ತೇಲುವುದು ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಮಸಿ ಹಚ್ಚುವುದೊಂದು ಬಾಕಿ. ಬೇಡ ಎನ್ನುವುದಾದರೆ ನಾಳೆಯ ಇಳಿತದೊಳಗೆ ಹೇಗಾದರೂ ತಿಳಿಸು. ನೀನು ಏನೂ ಹೇಳದಿದ್ದರೆ, ನಾಳೆ ಮಧ್ಯಾಹ್ನ ಸಾಲು ಊಟಕ್ಕೆ ಎಲ್ಲರಿಗಿಂತ ಮೊದಲು ಅವಳನ್ನೇ ಹೆಸರು ಹಿಡಿದು ಕರೆಯುತ್ತೇನೆ.

ನಿನ್ನ
ಚಂದ್ರಭಾಗಿ