ಸಾಲಿನಲ್ಲಿ ನಿಂತದ್ದು ವಿಶ್ರಾಂತಿಯಲ್ಲ

ಸತ್ವಾ, ದುಬೈ
ಬುಧವಾರ, ಜುಲೈ ೯

ಗುಣಪಾಲ ಮಾವನಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅರ್ಧದಲ್ಲೇ ಕಟ್ ಮಾಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದಿ, ಹರಿಯುವುದು ಆಮೇಲೆ.

ನಿಮ್ಮ ಡ್ರೈವರ್ ಅಬೂಬಕ್ಕರ್ ಕಾಕ ಇವತ್ತು ಸಂಜೆ ಅಬುಧಾಬಿಗೆ ಟ್ರೇಲರ್ ಕೊಂಡುಹೋಗುವುದಿಲ್ಲ. ಅವರು ನನ್ನ ಮಂಚದ ಮೇಲೆ ಮಲಗಿದ್ದಾರೆ. ಶೂ ಬಿಚ್ಚುವಷ್ಟೂ ಎಚ್ಚರ ಅವರಿಗಿರಲಿಲ್ಲ, ನಾನೇ ಬಿಚ್ಚಿದೆ. ಗಾಡಿಯ ಕೀ ನನ್ನ ಜೇಬಿನಲ್ಲಿದೆ.

ನಿನ್ನೆ ಜೆಬೆಲ್ ಅಲಿಯ ಹತ್ತಿರ ಅವರ ಕಣ್ಣು ಮುಚ್ಚಿಹೋಗಿ ಕಬ್ಬಿಣ ಹೇರಿದ ಟ್ರೇಲರ್ ರಸ್ತೆ ಬದಿಯ ಕಂಬಿಗೆ ಉಜ್ಜಿತು. ಇನ್ನೊಂದು ಬದಿಗೆ ಹೊರಳಿದ್ದರೆ ಅಲ್ಲಿ ಕೆಲಸಗಾರರನ್ನು ತುಂಬಿಕೊಂಡ ಬಸ್ಸಿತ್ತು. ಸುದ್ದಿ ತಿಳಿಸಿದಾಗ ನೀವು ಮೊದಲು ಕೇಳಿದ್ದು, "ಕಬ್ಬಿಣಕ್ಕೆ ಏನೂ ಆಗ್ಲಿಲ್ಲ ಅಲ್ವಾ?" ಆಮೇಲೆ, "ಬ್ಯಾನ್ ಟೈಮಲ್ಲಿ ಅಷ್ಟು ಹೊತ್ತು ರೆಸ್ಟ್ ಸಿಕ್ಕಿತ್ತಲ್ಲ ಮಾರಾಯ, ಮತ್ತೆ ಎಂಥ ನಿದ್ದೆ ಅವನಿಗೆ?"

ಆ ರೆಸ್ಟ್ ಎಂಥದ್ದೆಂದು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಲಾರಿಗಳು ಊರೊಳಗೆ ಬರಬಾರದ ಹೊತ್ತಿನಲ್ಲಿ ಎಲ್ಲವೂ ಹೊರಗೆ ಸಾಲುಗಟ್ಟಿ ನಿಲ್ಲುತ್ತವೆ. ಮುಂದಿನ ಗಾಡಿ ಒಂದು ಗೇಣು ಸರಿದರೆ ಹಿಂದಿನದೂ ಸರಿಯಬೇಕು. ಕಣ್ಣು ಮುಚ್ಚಿದರೆ ಹಿಂದಿನವನು ಹಾರನ್ ಒತ್ತುತ್ತಾನೆ. ಸ್ಟಿಯರಿಂಗ್ ಹಿಡಿದು ಹೀಗೆ ಕೂತದ್ದನ್ನು ನೀವು ವಿಶ್ರಾಂತಿ ಎಂದು ಲೆಕ್ಕಕ್ಕೆ ಹಿಡಿಯುತ್ತೀರಿ. ಊಟವಾದ ಮೇಲಿನ ನಿಮ್ಮ ನಿದ್ದೆಗಾಗಿ ಮಿರ್ದಿಫ್ ಮನೆಯ ಕಾಲಿಂಗ್ ಬೆಲ್ ತೆಗೆಸಿದವರು ನೀವೇ!

ನನ್ನನ್ನು "ಪುಸ್ತಿಕೆ ಪಂಡಿತ" ಎಂದು ಆಫೀಸಿನವರೆದುರು ನಗಾಡಿದಿರಿ. ಹೌದು, ರಸ್ತೆ ಸುರಕ್ಷತೆಯ ಪುಸ್ತಿಕೆಗಳನ್ನು ಬಸ್ಸಿನಲ್ಲಿ ಕೂತು ಓದಿ ಕಲಿತವನು ನಾನು. ನೀವು ಅವುಗಳ ಮುಖಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಅದರ ಕೆಳಗೆ ಕೂತು ದಣಿದವರನ್ನು ರಸ್ತೆಗೆ ಅಟ್ಟುತ್ತೀರಿ. ನಿಯಮ ಗೊತ್ತಿಲ್ಲದವನಿಗೆ ಕಲಿಸಬಹುದು. ಗೋಡೆಗೆ ತೂಗುಹಾಕಿದವನಿಗೆ ಏನು ಕಲಿಸುವುದು?

ಕಾಕನಿಗೆ ಸಾಕಷ್ಟು ವಿಶ್ರಾಂತಿ ಸಿಕ್ಕಿತ್ತು, ತಪ್ಪೆಲ್ಲ ಅವರದೇ ಎಂದು ಬರೆದು ಸಹಿ ಹಾಕಲು ಬೆಳಿಗ್ಗೆ ನನಗೆ ಹೇಳಿದಿರಿ. "ಸೇಫ್ಟಿ ನೋಡುವವ ನೀನೇ ಅಲ್ವಾ? ಒಂದು ಸೈನ್ ಹಾಕು, ಖಲಾಸ್" ಎಂದಿರಿ. ನನ್ನ ಒಂದು ಗೀಟಿನಿಂದ ಅವರ ಲೈಸೆನ್ಸು, ಕೆಲಸ ಎರಡೂ ಹೋಗುತ್ತವೆ, ನಿಮ್ಮ ಹೆಸರು ಉಳಿಯುತ್ತದೆ. ನಾನು ಹಾಕುವುದಿಲ್ಲ. ಕೇಳುವವರು ಬಂದರೆ ಸಾಲಿನ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಊರಿನಿಂದ ಕರೆತಂದು ವೀಸಾ ಕೊಟ್ಟವರು ನೀವು, ಮರೆತಿಲ್ಲ. ಬೇಕಿದ್ದರೆ ಕ್ಯಾನ್ಸಲ್ ಮಾಡಿ. ಅದನ್ನಾದರೂ ನಿಯಮದ ಪ್ರಕಾರ ಮಾಡಿ.

ಕ್ಯಾನ್ಸಲ್ ಮಾಡಲಾಗದ ನಿಮ್ಮ ಅಳಿಯ,
ತಿಲಕ್

ಮರೆತ ಮಾತು: ಮನೆಯಲ್ಲಿ ಸ್ಪೇರ್ ಕೀ ಹುಡುಕಬೇಡಿ. ಬ್ಲೌಸ್ ತರಲು ನನ್ನ ರೂಮಿನ ಕೆಳಗಿನ ಟೈಲರ್ ಅಂಗಡಿಗೆ ಬಂದ ಲೋಲಾಕ್ಷಿ ಅತ್ತೆ ಅದನ್ನೂ ನನ್ನ ಕೈಗಿಟ್ಟರು. ಈ ಪತ್ರವನ್ನು ನಿಮಗೆ ತಲುಪಿಸುವವರೂ ಅವರೇ. ಜೊತೆಗೆ ಇದನ್ನೂ ಬರೆ ಎಂದರು: "ಅಷ್ಟು ಅರ್ಜೆಂಟಿದ್ರೆ ನಿನ್ನ ಮಾವನೇ ಓಡಿಸ್ಲಿ. ಲೈನಲ್ಲಿ ಬೇಕಾದಷ್ಟು ರೆಸ್ಟ್ ಸಿಗ್ತದಲ್ಲ."